ಡೆತ್ ವ್ಯಾಲಿ: ಪಾರ್ಕ್ ಒಳಗೇ ಉಳಿಯಬೇಕಾ, ಹೊರಗಿನ ಊರು ಸಾಕಾ?

ದಾರಿಬುತ್ತಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಮರಳುಗಾಡಿನ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಲಾಸ್ ವೇಗಸ್‌ಗೆ ವಿಮಾನದಲ್ಲಿ ಬಂದು ಅಲ್ಲಿಂದ ಬಾಡಿಗೆ ಕಾರು. ಒಟ್ಟು ಮೂರು ರಾತ್ರಿ ಕೈಯಲ್ಲಿದೆ. ಮೊದಲ ದಿನ ವಿಮಾನ ಇಳಿಯುವುದೇ ಸಂಜೆ.

ತಲೆನೋವು ಇರುವುದು ರೂಮಿನದು. ಪಾರ್ಕ್ ಒಳಗಿನ ಹೋಟೆಲ್‌ಗಳ ರೇಟು ನೋಡಿ ಗಾಬರಿಯಾಯಿತು. ನಮಗೆ ಎರಡು ರೂಮು ಬೇಕು ಬೇರೆ. ಹೊರಗೆ ಬೀಟಿ, ಪಹ್ರಂಪ್ ಕಡೆ ತುಂಬಾ ಕಡಿಮೆಗೆ ಸಿಗುತ್ತಿದೆ. ರಾತ್ರಿ ಮಲಗುವುದಕ್ಕೆ ತಾನೇ, ಹೊರಗೇ ಉಳಿದು ದಿನಾ ಕಾರಿನಲ್ಲಿ ಹೋಗಿಬಂದರೆ ಆಗುವುದಿಲ್ಲವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಚುಕ್ಕಿನೋಟ

ನಮಸ್ಕಾರ. "ಮಲಗುವುದಕ್ಕೆ ತಾನೇ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಬೇರೆ ಪಾರ್ಕ್‌ಗಳಲ್ಲಿ ಆ ಮಾತು ನಡೆಯುತ್ತದೆ. ಜೋಶುವಾ ಟ್ರೀಯನ್ನೇ ನೋಡಿ. ಅದರ ಒಳಗೆ ಹೋಟೆಲೇ ಇಲ್ಲ, ಬರೀ ಕ್ಯಾಂಪ್‌ಗ್ರೌಂಡ್‌ಗಳು. ಆದರೆ ಟ್ವೆಂಟಿನೈನ್ ಪಾಮ್ಸ್ ಊರು ಪಾರ್ಕಿನ ಬಾಗಿಲಲ್ಲೇ ಇದೆ. ಹೊರಗೆ ಉಳಿದರೂ ಬೆಳಗಿನ ಬಿಸಿಲು ಕೈತಪ್ಪುವುದಿಲ್ಲ.

ಡೆತ್ ವ್ಯಾಲಿ ಹಾಗಲ್ಲ. 34 ಲಕ್ಷ ಎಕರೆ. ಅಲಾಸ್ಕ, ಹವಾಯಿ ಬಿಟ್ಟರೆ ಇಡೀ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ನ್ಯಾಷನಲ್ ಪಾರ್ಕ್ ಇಲ್ಲ. ನೋಡುವ ಜಾಗಗಳೆಲ್ಲ ಒಂದಕ್ಕೊಂದು ದೂರ. ಎಲ್ಲದಕ್ಕೂ ನಡುವೆ ಇರುವುದು ಫರ್ನೇಸ್ ಕ್ರೀಕ್, ಪಾರ್ಕ್ ಒಳಗಿನ ಪುಟ್ಟ ಊರು. ಅಲ್ಲಿಂದ ಝಬ್ರಿಸ್ಕಿ ಪಾಯಿಂಟ್ ಸುಮಾರು 5 ಮೈಲಿ, ಬ್ಯಾಡ್‌ವಾಟರ್ ಉಪ್ಪಿನ ಬಯಲು 17 ಮೈಲಿ, ಬೆಟ್ಟದ ಮೇಲಿನ ಡಾಂಟೆಸ್ ವ್ಯೂ ಮತ್ತು ಸ್ಟೋವ್‌ಪೈಪ್ ವೆಲ್ಸ್ ತಲಾ 25 ಮೈಲಿ ಆಸುಪಾಸು. ಈಗ ಹೊರಗಿನ ಊರು ಲೆಕ್ಕ ಹಾಕಿ. ಬೀಟಿಯಿಂದ ಫರ್ನೇಸ್ ಕ್ರೀಕ್‌ಗೆ 40 ಮೈಲಿ, ಪಹ್ರಂಪ್‌ನಿಂದ 60, ವೇಗಸ್‌ನಿಂದ 120. ಅಷ್ಟು ದೂರ ಬಂದ ಮೇಲೆ ನೋಡುವ ಓಡಾಟ ಶುರು.

ನೀವು ಹೋಗುವುದು ಡಿಸೆಂಬರ್ ಕೊನೆಗೆ. ಬೆಳಗ್ಗೆ ಏಳರ ಹತ್ತಿರ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕೂವರೆ ಸುಮಾರಿಗೆ ಮುಳುಗಿಬಿಡುತ್ತಾನೆ. ಮರಳುಗಾಡು ಚೆನ್ನಾಗಿ ಕಾಣುವುದೇ ಆ ಎರಡು ಹೊತ್ತಿನಲ್ಲಿ. ನಡುಹಗಲಲ್ಲಿ ಝಬ್ರಿಸ್ಕಿ ನೋಡಿದರೆ ಹಳದಿ ಮಣ್ಣಿನ ಗುಡ್ಡ, ಅಷ್ಟೇ. ಬೆಳಗಿನ ಮೊದಲ ಬಿಸಿಲಿಗೆ ಅದೇ ಗುಡ್ಡ ಮಡಿಕೆ ಮಡಿಕೆಯಾಗಿ ಎದ್ದು ಕಾಣುತ್ತದೆ. ಒಳಗೆ ಉಳಿದವರು ಹತ್ತು ನಿಮಿಷದಲ್ಲಿ ಅಲ್ಲಿರುತ್ತಾರೆ. ಪಹ್ರಂಪ್‌ನಲ್ಲಿ ಉಳಿದವರು ಮಗುವನ್ನು ಐದಕ್ಕೆ ಎಬ್ಬಿಸಬೇಕು, ಅಪ್ಪ ಅಮ್ಮನನ್ನು ಅದಕ್ಕೂ ಮೊದಲು. ಒಂದು ದಿನ ಮಾಡುತ್ತೀರಿ, ಎರಡನೇ ದಿನ ಯಾರೂ ಏಳುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ: ಇಲ್ಲಿ ರೂಮು ಆರಿಸುವಾಗ ಹಾಸಿಗೆ, ಟಿವಿ ಆಮೇಲೆ. ಆ ರೂಮಿನಿಂದ ಬೆಳಗ್ಗೆ ಎಲ್ಲಿಗೆ ಎಷ್ಟು ಹೊತ್ತು ಅನ್ನುವುದನ್ನು ಮೊದಲು ನೋಡಿ. ಕನಿಷ್ಠ ಎರಡು ರಾತ್ರಿಯಾದರೂ ಒಳಗೆ ಇರಿ.

ಬೆಟ್ಟದಾಚೆ

ನಾನು ಬೀಟಿ ಪರವಾಗಿ ಮಾತಾಡುತ್ತೇನೆ. 40 ಮೈಲಿ ಅಂದರೆ ಮುಕ್ಕಾಲು ಗಂಟೆ ಚಿಲ್ಲರೆ. ಸಿಗ್ನಲ್ ಇಲ್ಲ, ಟ್ರಾಫಿಕ್ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ದಿನಾ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಕಾರಿನಲ್ಲಿ ಕೂರುವವರು ನಮ್ಮಲ್ಲೇ ಎಷ್ಟು ಜನ ಇದ್ದಾರೆ. ದಾರಿಯೂ ಚಂದ. ಡೇಲೈಟ್ ಪಾಸ್ 4,300 ಅಡಿ ಎತ್ತರದಲ್ಲಿದೆ. ಅದನ್ನು ದಾಟಿ ಇಳಿಯುವಾಗ ಇಡೀ ಕಣಿವೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಜೊತೆಗೆ ರಯೊಲೈಟ್ ಅನ್ನುವ ಪಾಳು ಊರು ಬೀಟಿಯಿಂದ ನಾಲ್ಕೇ ಮೈಲಿ. ಚಿನ್ನದ ಗಣಿ ನಂಬಿಕೊಂಡು 1905ರ ಸುಮಾರಿಗೆ ಎದ್ದ ಊರು, ಹತ್ತು ಹದಿನೈದು ವರ್ಷದಲ್ಲೇ ಖಾಲಿಯಾಯಿತು. ಮೂರು ಅಂತಸ್ತಿನ ಬ್ಯಾಂಕಿನ ಗೋಡೆಗಳು ಇನ್ನೂ ನಿಂತಿವೆ. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಐದು ಜನಕ್ಕೆ ಎರಡು ರೂಮು, ಮೂರು ರಾತ್ರಿ. ಹೊರಗೆ ಇದ್ದರೆ ಉಳಿತಾಯವಾಗುವ ದುಡ್ಡು ಸಣ್ಣದೇನಲ್ಲ. ಪೆಟ್ರೋಲ್ ಕೂಡ ಪಾರ್ಕ್ ಒಳಗೆ ಹೊರಗಿಗಿಂತ ಬಹಳ ದುಬಾರಿ. ಬೀಟಿಯಲ್ಲಿ ತುಂಬಿಸಿಕೊಂಡೇ ಹೋಗಬಹುದು.

ಚುಕ್ಕಿನೋಟ

ಬೆಟ್ಟದಾಚೆ ಅವರೇ, ರಯೊಲೈಟ್ ವಿಷಯ ಒಪ್ಪುತ್ತೇನೆ. ಒಬ್ಬರೇ ಹೋಗುವುದಾದರೆ, ಇಬ್ಬರು ಸ್ನೇಹಿತರಾದರೆ ಬೀಟಿ ಒಳ್ಳೆಯ ಜಾಗ.

ನನ್ನ ಚಿಂತೆ ವಾಪಸ್ ಬರುವ ದಾರಿಯದು. ಸಂಜೆ ಬೆಳಕು ನೋಡಿ ಹೊರಟರೆ ಪೂರ್ತಿ ಕತ್ತಲಲ್ಲಿ ಘಟ್ಟ ಹತ್ತಬೇಕು. ಬೀದಿದೀಪ ಇಲ್ಲ, ಬಹಳ ಕಡೆ ಫೋನ್ ಸಿಗ್ನಲ್ ಇಲ್ಲ, ಬೀಟಿ ಸುತ್ತ ಕಾಡುಕತ್ತೆಗಳು ರಸ್ತೆಗೆ ಬರುತ್ತವೆ. ಡೆತ್ ವ್ಯಾಲಿಯಲ್ಲಿ ಜನ ಬಿಸಿಲಿಗೇ ಸಾಯುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪಾರ್ಕಿನವರು ಹೇಳುವುದೇ ಬೇರೆ. ಬೇರೆ ಯಾವ ಕಾರಣಕ್ಕಿಂತ ಜಾಸ್ತಿ ಜನ ಸತ್ತಿರುವುದು ಒಂಟಿ ಕಾರಿನ ಅಪಘಾತದಲ್ಲಿ. ಎದುರಿಗೆ ಯಾವ ಗಾಡಿಯೂ ಇಲ್ಲದೆ, ತಮ್ಮಷ್ಟಕ್ಕೆ ರಸ್ತೆ ಬಿಟ್ಟು ಉರುಳಿದ ಕಾರುಗಳು. ನೇರ ರಸ್ತೆ, ಸುಸ್ತಾದ ಡ್ರೈವರ್, ಜಾಸ್ತಿ ಸ್ಪೀಡ್. ಕುಟುಂಬವನ್ನು ಹಿಂದೆ ಕೂರಿಸಿಕೊಂಡು ಎರಡು ರಾತ್ರಿ ಅದನ್ನು ಮಾಡಿ ಅಂತ ನಾನು ಹೇಳಲಾರೆ.

ಉಪ್ಪುನೆಲ

ಒಳಗೆ ಅಂದರೆ ಒಳಗೆ ಎಲ್ಲಿ ಅನ್ನುವುದೂ ಮುಖ್ಯ ಅಲ್ವಾ. ಉಳಿಯುವ ಜಾಗಗಳು ನಾಲ್ಕು. ಒಂದೊಂದರ ಸ್ವಭಾವ ಬೇರೆ.

ಫರ್ನೇಸ್ ಕ್ರೀಕ್‌ನಲ್ಲಿ ಎರಡಿವೆ, ಎರಡೂ ಒಂದೇ ಆಡಳಿತದವು: ಇನ್ ಮತ್ತು ರ‍್ಯಾಂಚ್. ಇನ್ ಶುರುವಾಗಿದ್ದು 1927ರಲ್ಲಿ. ಬೊರಾಕ್ಸ್ (ಬಿಳಿಗಾರ) ಗಣಿ ನಡೆಸುತ್ತಿದ್ದ ಕಂಪನಿಯೇ ಕಟ್ಟಿಸಿದ್ದು. ಗಣಿಯ ಲಾಭ ಇಳಿಯುತ್ತಿತ್ತು, ತಮ್ಮ ರೈಲಿಗೆ ಪ್ರವಾಸಿಗರಾದರೂ ಬರಲಿ ಅಂತ. ಗುಡ್ಡದ ಇಳಿಜಾರಿನಲ್ಲಿ, ಖರ್ಜೂರದ ಮರಗಳ ನಡುವೆ ಇದೆ. ಬಹಳ ಸುಂದರ, ಬಹಳ ದುಬಾರಿ. ಇಳಿಜಾರಿನ ಜಾಗವಾದ್ದರಿಂದ ಏರಿಳಿತ ಇರುತ್ತದೆ. ಮಂಡಿನೋವಿನವರು ಫೋನ್ ಮಾಡಿ ವಿಚಾರಿಸಿಕೊಂಡೇ ರೂಮು ತೆಗೆದುಕೊಳ್ಳಬೇಕು.

ರ‍್ಯಾಂಚ್ ಕೆಳಗೆ ಸಮತಟ್ಟು ನೆಲದಲ್ಲಿದೆ. ದೊಡ್ಡದು, 200ಕ್ಕೂ ಜಾಸ್ತಿ ರೂಮು. ಅಂಗಡಿ, ಊಟದ ಜಾಗ, ಪೆಟ್ರೋಲ್, ಪಕ್ಕದಲ್ಲೇ ವಿಸಿಟರ್ ಸೆಂಟರ್. ಕುಟುಂಬಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಎರಡು ಅಂತಸ್ತಿನ ಕಟ್ಟಡಗಳೂ ಇವೆ, ಅದಕ್ಕೆ ಬುಕ್ ಮಾಡುವಾಗಲೇ ನೆಲಮಹಡಿ ಬೇಕು ಅಂತ ಬರೆಸಿ. ನಿಮ್ಮ ಮಗಳು ಈಜುಕೊಳ ಬಿಟ್ಟು ಬರುವುದಿಲ್ಲ. ಅದಕ್ಕೆ ಬರುವುದು ಬೆಟ್ಟದ ಬುಡದ ಬೆಚ್ಚನೆ ಒರತೆಯ ನೀರು. ಕಾಯಿಸದೆಯೇ ಸುಮಾರು 29 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಡಿಸೆಂಬರ್ ಚಳಿಯಲ್ಲೂ ಇಳಿಯಬಹುದು.

ಫರ್ನೇಸ್ ಕ್ರೀಕ್ ಬರೀ ರೆಸಾರ್ಟ್ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಟಿಂಬಿಷಾ ಶೋಶೋನಿ ಜನರ ಊರು ಅಲ್ಲೇ ಇದೆ. ಪಾರ್ಕ್ ಹುಟ್ಟುವ ಎಷ್ಟೋ ಮೊದಲಿನಿಂದ ಅವರ ನೆಲ ಅದು. ತಮ್ಮ ಜಾಗದ ಹಕ್ಕಿಗಾಗಿ ಬಹಳ ಕಾಲ ಹೋರಾಡಿದರು, 2000ದಲ್ಲಿ ಕಾನೂನಾಗಿ ಅದು ಅವರಿಗೆ ಸಿಕ್ಕಿತು. ಅಲ್ಲಿ ಜನ ವಾಸ ಮಾಡುತ್ತಾರೆ, ಸುಮ್ನೆ ಕ್ಯಾಮೆರಾ ಹಿಡಿದು ಮನೆಗಳ ಮಧ್ಯೆ ಅಡ್ಡಾಡಬೇಡಿ.

ಮೂರನೆಯದು ಸ್ಟೋವ್‌ಪೈಪ್ ವೆಲ್ಸ್. 83 ರೂಮಿನ ಸರಳ ಮೋಟೆಲ್. ರ‍್ಯಾಂಚ್‌ಗಿಂತ ಸಾಮಾನ್ಯವಾಗಿ ಕಡಿಮೆ ರೇಟು. ಇದು 1926ರದು, ಇನ್‌ಗಿಂತಲೂ ಹಳೆಯದು. ಇಲ್ಲಿನ ದೊಡ್ಡ ಆಕರ್ಷಣೆ ಮೆಸ್ಕೀಟ್ ಫ್ಲಾಟ್ ಮರಳುದಿಬ್ಬಗಳು, ರೂಮಿನಿಂದ ಎರಡು ಮೈಲಿ ಅಷ್ಟೇ. ಬೆಳಗ್ಗೆ ಯಾರ ಹೆಜ್ಜೆಗುರುತೂ ಬೀಳದ ಮರಳು ನೋಡಬೇಕು ಅಂದರೆ ಇಲ್ಲಿ ಉಳಿಯಬೇಕು.

ನಾಲ್ಕನೆಯದು ಪನಮಿಂಟ್ ಸ್ಪ್ರಿಂಗ್ಸ್, ಪಶ್ಚಿಮದ ಅಂಚಿನಲ್ಲಿ. ನೀವು ವೇಗಸ್ ಕಡೆಯಿಂದ ಬರುವವರು, ನಿಮಗೆ ಅದು ಬೇಡ. ಪಶ್ಚಿಮದ ಲೋನ್ ಪೈನ್ ಊರಿನ ಕಡೆಯಿಂದ ಬರುವವರಿಗೆ ಚೆನ್ನ.

ಗುಡಾರ

ಟೆಂಟ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ! ದಾರಿಬುತ್ತಿ ಅವರಿಗೆ ವಯಸ್ಸಾದವರ ಜೊತೆ ಆಗದಿರಬಹುದು, ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾಗುತ್ತದೆ. ರೂಮಿನ ದುಡ್ಡಿನ ಸಣ್ಣ ಭಾಗದಲ್ಲಿ ಪಾರ್ಕಿನ ನಟ್ಟನಡುವೆ ಮಲಗಬಹುದು.

ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಸಮುದ್ರಮಟ್ಟಕ್ಕಿಂತ 196 ಅಡಿ ಕೆಳಗಿದೆ. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ಜಾಗವನ್ನು ಸರ್ಕಾರಿ ವೆಬ್‌ಸೈಟ್ ರೆಕ್ರಿಯೇಷನ್ ಡಾಟ್ ಗವ್‌ನಲ್ಲಿ ಮುಂಚೆ ಬುಕ್ ಮಾಡಬೇಕು. ಆರು ತಿಂಗಳ ಮುಂಚೆಯೇ ಬಾಗಿಲು ತೆರೆಯುತ್ತದೆ, ಹಬ್ಬದ ವಾರಗಳು ಬೇಗ ಹೋಗುತ್ತವೆ. ಎದುರಿಗೇ ಟೆಕ್ಸಸ್ ಸ್ಪ್ರಿಂಗ್ ಅನ್ನುವ ಇನ್ನೊಂದು ಕ್ಯಾಂಪ್‌ಗ್ರೌಂಡ್ ಇದೆ, ಗುಡ್ಡಗಳ ಮಡಿಲಲ್ಲಿ. ಅಲ್ಲಿ ಜನರೇಟರ್ ಹಾಕುವಂತಿಲ್ಲ, ಅದಕ್ಕೇ ನನಗೆ ಅದು ಎಲ್ಲಕ್ಕಿಂತ ಇಷ್ಟ. ಸನ್‌ಸೆಟ್ ಕ್ಯಾಂಪ್‌ಗ್ರೌಂಡ್ ಒಳಗೇ ಮಲಗುವ ದೊಡ್ಡ ಆರ್‌ವಿ ಗಾಡಿಗಳಿಗೆ ಸರಿ, ಟೆಂಟ್‌ನವರಿಗೆ ಅದು ಬರೀ ಜಲ್ಲಿಕಲ್ಲಿನ ಬಯಲು. ಎಮಿಗ್ರೆಂಟ್ ಕ್ಯಾಂಪ್‌ಗ್ರೌಂಡ್ ಬರೀ ಟೆಂಟ್‌ಗಳಿಗೆ, ಚಿಕ್ಕದು, 2,100 ಅಡಿ ಎತ್ತರದಲ್ಲಿ.

ಗಾಳಿಯ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಕಣಿವೆಯಲ್ಲಿ ಗಾಳಿ ಎದ್ದರೆ ಸಾಮಾನ್ಯ ಗೂಟ ನಿಲ್ಲುವುದಿಲ್ಲ. ಉದ್ದನೆ ಗೂಟ ತನ್ನಿ, ಅದರ ಮೇಲೆ ದೊಡ್ಡ ಕಲ್ಲು ಹೇರಿ. ಹಗಲು ಹೊರಗೆ ಹೋಗುವಾಗ ಟೆಂಟ್ ಒಳಗೆ ನೀರಿನ ಕ್ಯಾನ್‌ಗಳನ್ನು ಮೂಲೆಮೂಲೆಗೆ ಇಟ್ಟು ಹೋಗಿ. ವಸಂತದಲ್ಲಿ ಇದು ಇನ್ನೂ ಜಾಸ್ತಿ. ಡಿಸೆಂಬರ್ ರಾತ್ರಿ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಯುತ್ತದೆ, ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದ್ದರೆ ಏನೂ ತೊಂದರೆ ಇಲ್ಲ.

ಬೇಸಿಗೆರಜೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ರೇಟು ಆಗ ಕಡಿಮೆ ಇರುತ್ತದಲ್ಲ, ಗುಡಾರ ಅವರು ಹೇಳಿದ ಹಾಗೆ ಟೆಂಟ್ ಹಾಕಬಹುದಾ?

ಗುಡಾರ

ಕಣಿವೆಯ ತಳದಲ್ಲಿ ಖಂಡಿತ ಬೇಡ. ಜುಲೈನಲ್ಲಿ ಅಲ್ಲಿನ ಹಗಲಿನ ಸರಾಸರಿಯೇ 47 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಜಗತ್ತಿನಲ್ಲಿ ಅಳೆದ ಅತಿ ಹೆಚ್ಚು ಉಷ್ಣಾಂಶ ಅಂತ ಅಧಿಕೃತ ದಾಖಲೆಯಲ್ಲಿ ಇರುವುದೂ ಫರ್ನೇಸ್ ಕ್ರೀಕ್‌ನದೇ, 1913ರ ಜುಲೈ 10ರಂದು 56.7 ಡಿಗ್ರಿ. ರಾತ್ರಿಯೂ 30ರ ಮೇಲೇ ಇರುತ್ತದೆ. ದೇಹಕ್ಕೆ ತಣಿಯಲು ಹೊತ್ತೇ ಸಿಗುವುದಿಲ್ಲ. ತೀರಾ ಬಿಸಿ ಏರಿದ ದಿನ ಆಂಬುಲೆನ್ಸ್ ಹೆಲಿಕಾಪ್ಟರ್ ಕೂಡ ಹಾರಲಾರದು, ಗಾಳಿ ಅಷ್ಟು ತೆಳುವಾಗಿರುತ್ತದೆ.

ಟೆಂಟೇ ಬೇಕು ಅಂದರೆ ಎತ್ತರಕ್ಕೆ ಹೋಗಿ. ಸಾವಿರ ಅಡಿ ಹತ್ತಿದರೆ 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಅಲ್ಲಿ ಎರಡು ಕ್ಯಾಂಪ್‌ಗ್ರೌಂಡ್ ಇವೆ: ವೈಲ್ಡ್‌ರೋಸ್ 4,100 ಅಡಿ, ಮಹಾಗನಿ ಫ್ಲಾಟ್ 8,200 ಅಡಿ. ಮಹಾಗನಿ ಫ್ಲಾಟ್‌ಗೆ ಕೊನೆಯ ದಾರಿ ಒರಟು, ಎತ್ತರದ ಗಾಡಿ ಬೇಕು. ಅಲ್ಲಿಂದಲೇ ಟೆಲಿಸ್ಕೋಪ್ ಪೀಕ್‌ಗೆ ನಡೆದು ಹೋಗುವ ಹಾದಿ.

ಮಕ್ಕಳಿದ್ದರೆ ಏಸಿ ರೂಮು ತೆಗೆದುಕೊಳ್ಳಿ. ಬೆಳಗ್ಗೆ ಹತ್ತರ ಒಳಗೆ ನಡಿಗೆ ಮುಗಿಸಿ. ಆಮೇಲೆ ಟಾರ್ ರಸ್ತೆ ಬಿಟ್ಟು ಎಲ್ಲೂ ಹೋಗಬೇಡಿ.

ಬೆಟ್ಟದಾಚೆ

ಇನ್ನೊಂದು ಸೇರಿಸುತ್ತೇನೆ. ಆಗಸ್ಟ್‌ನಲ್ಲಿ ಮಳೆಯ ಭಯವೂ ಇದೆ. ವರ್ಷಕ್ಕೆ ಎರಡು ಇಂಚು ಮಳೆ ಬಂದರೆ ಹೆಚ್ಚು ಅನ್ನುವ ಜಾಗದಲ್ಲಿ 2023ರ ಆಗಸ್ಟ್ 20ರಂದು ಒಂದೇ ದಿನ 2.2 ಇಂಚು ಸುರಿಯಿತು. ರಸ್ತೆಗಳು ಕೊಚ್ಚಿಹೋದವು. ಪಾರ್ಕ್ ಮತ್ತೆ ತೆರೆದಿದ್ದು ಅಕ್ಟೋಬರ್ 15ಕ್ಕೆ. ಯಾವ ಕಾಲದಲ್ಲೇ ಹೋಗಿ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಹಿಡಿಯಿರಿ.

ಮೊಮ್ಮಕ್ಕಳಜ್ಜಿ

ಮಕ್ಕಳೇ, ನಾನು ಅಜ್ಜಿಯ ಕಡೆಯಿಂದ ಎರಡು ಮಾತು ಹೇಳುತ್ತೇನೆ. ಮಗ ಸೊಸೆ ಜೊತೆ ಇಂಥ ಜಾಗಗಳಿಗೆ ಹೋಗಿದ್ದೇನೆ, ಅದಕ್ಕೆ ಗೊತ್ತು.

ದೊಡ್ಡವರಿಗೆ ದಣಿವಾಗುವುದು ನೋಡುವ ಜಾಗದಲ್ಲಲ್ಲ, ಕಾರಿನಲ್ಲಿ. ಮಂಡಿ ಮಡಚಿ ಕೂತೇ ಇದ್ದರೆ ಇಳಿದಾಗ ಹೆಜ್ಜೆ ಎತ್ತಿಡಲು ಆಗುವುದಿಲ್ಲ. ರೂಮು ಹತ್ತಿರ ಇದ್ದರೆ ಮಧ್ಯಾಹ್ನ ವಾಪಸ್ ಬಂದು ಕಾಲು ಚಾಚಿ ಒಂದು ಗಂಟೆ ಮಲಗಿ, ಮತ್ತೆ ಸಂಜೆಗೆ ಹೊರಡಬಹುದು. ಹೊರಗಿನ ಊರಲ್ಲಿ ಉಳಿದರೆ ಬೆಳಗ್ಗೆ ಬಿಟ್ಟ ರೂಮಿಗೆ ರಾತ್ರಿಯೇ ಬರುವುದು. ನಡುವೆ ಬಾತ್‌ರೂಮಿಗೆ ಹುಡುಕಾಟ. ಇದನ್ನು ನಿಮ್ಮ ಅಮ್ಮ ಬಾಯಿಬಿಟ್ಟು ಹೇಳುವುದಿಲ್ಲಪ್ಪ. "ನನಗೇನೂ ತೊಂದರೆ ಇಲ್ಲ, ನೀವು ನೋಡಿಕೊಂಡು ಬನ್ನಿ, ನಾನು ಕಾರಲ್ಲೇ ಕೂತಿರುತ್ತೇನೆ" ಅನ್ನುತ್ತಾರೆ. ಅಷ್ಟು ದೂರ ಕರೆದುಕೊಂಡು ಹೋಗಿ ಅವರನ್ನು ಕಾರಿನಲ್ಲಿ ಕೂರಿಸುವುದಾದರೆ ಯಾಕೆ ಹೋಗಬೇಕು?

ಪಾರ್ಕ್ ಒಳಗೆ ಆಸ್ಪತ್ರೆ ಇಲ್ಲ. ಪಹ್ರಂಪ್‌ನಲ್ಲಿ ಇದೆ. ದಿನದ ಮಾತ್ರೆಗಳನ್ನು ಎರಡು ದಿನದ ಮಟ್ಟಿಗೆ ಹೆಚ್ಚು ಇಟ್ಟುಕೊಳ್ಳಿ. ಊಟದ ವಿಷಯದಲ್ಲಿ, ಒಳಗಿನ ಹೋಟೆಲ್‌ಗಳಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ಬರುವ ದಾರಿಯಲ್ಲೇ ಪಹ್ರಂಪ್‌ನ ದೊಡ್ಡ ಅಂಗಡಿಯಲ್ಲಿ ಹಣ್ಣು, ಮೊಸರು, ಬ್ರೆಡ್ಡು, ಕುಡಿಯುವ ನೀರು ತುಂಬಿಸಿಕೊಳ್ಳಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕ. ರೂಮಿನಲ್ಲಿ ಫ್ರಿಜ್ ಇದೆಯಾ ಅಂತ ಬುಕ್ ಮಾಡುವ ಮುಂಚೆ ಕೇಳಿ.

ದಾರಿಬುತ್ತಿ

ಅಜ್ಜಿ, ನೀವು ಹೇಳಿದ ವಾಕ್ಯವನ್ನೇ ಅಮ್ಮ ಹೋದ ಸಲ ಹೇಳಿದ್ದರು. ತುಂಬಾ ಥ್ಯಾಂಕ್ಸ್.

ಒಳಗೇ ಉಳಿಯುವುದು ಅಂತ ಮನಸ್ಸು ಮಾಡಿದ್ದೇವೆ. ಈಗ ಎರಡು ಪ್ರಶ್ನೆ. ಒಂದು ರಾತ್ರಿ ರ‍್ಯಾಂಚ್, ಒಂದು ರಾತ್ರಿ ಸ್ಟೋವ್‌ಪೈಪ್ ವೆಲ್ಸ್ ಮಾಡಿದರೆ ಝಬ್ರಿಸ್ಕಿಯ ಬೆಳಗು, ಮರಳಿನ ಬೆಳಗು ಎರಡೂ ಸಿಗುತ್ತದಲ್ಲವಾ? ಎರಡನೆಯದು, ನಮ್ಮ ದಿನಾಂಕಕ್ಕೆ ರ‍್ಯಾಂಚ್‌ನಲ್ಲಿ ಒಂದೇ ರೂಮು ತೋರಿಸುತ್ತಿದೆ.

ಉಪ್ಪುನೆಲ

ಇಬ್ಬರೇ ಇದ್ದಿದ್ದರೆ ಹಾಗೇ ಮಾಡಿ ಅನ್ನುತ್ತಿದ್ದೆ. ಐದು ಜನದ ಸಾಮಾನು ಕಟ್ಟಿ, ಹನ್ನೊಂದಕ್ಕೆ ರೂಮು ಬಿಟ್ಟು, ಸಂಜೆ ನಾಲ್ಕಕ್ಕೆ ಇನ್ನೊಂದು ರೂಮು ಹಿಡಿಯುವ ಹೊತ್ತಿಗೆ ಡಿಸೆಂಬರ್ ಹಗಲೇ ಮುಗಿದಿರುತ್ತದೆ. ಎರಡೂ ರಾತ್ರಿ ರ‍್ಯಾಂಚ್‌ನಲ್ಲಿ ಇರಿ. ಮರಳುದಿಬ್ಬಕ್ಕೆ ಅಲ್ಲಿಂದ ಅರ್ಧ ಗಂಟೆ, ಒಂದು ಸಂಜೆ ಹೋಗಿ. ಪಾರ್ಕಿಂಗ್‌ನಿಂದಲೇ ದಿಬ್ಬಗಳು ಕಾಣುತ್ತವೆ. ಮಗಳು ಮರಳಲ್ಲಿ ಓಡಲಿ, ಅಪ್ಪ ಅಮ್ಮ ಮಡಚುವ ಕುರ್ಚಿ ಹಾಕಿಕೊಂಡು ಅಲ್ಲೇ ಕೂರಲಿ.

ಒಂದು ರೂಮಿದ್ದರೆ ಈಗಲೇ ಹಿಡಿಯಿರಿ. ಎರಡನೆಯದಕ್ಕೆ ದಿನಾ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ವೆಬ್‌ಸೈಟ್ ನೋಡುತ್ತಿರಿ. ದಂಡ ಇಲ್ಲದೆ ರದ್ದು ಮಾಡುವ ಗಡುವು ಹತ್ತಿರ ಬಂದಾಗ ತುಂಬಾ ಜನ ಬಿಡುತ್ತಾರೆ. ತೋರಿಸುವ ರೇಟಿನ ಮೇಲೆ ತೆರಿಗೆ, ರೆಸಾರ್ಟ್ ಫೀ ಸೇರುತ್ತದೆ. ಕೊನೆಯ ಪುಟದ ಮೊತ್ತ ನೋಡಿ ಹೋಲಿಸಿ.

ಚುಕ್ಕಿನೋಟ

ರಾತ್ರಿ ನಕ್ಷತ್ರ ನೋಡುವುದಕ್ಕೆ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಯಾವತ್ತು ಅಂತ ನೋಡಿದಿರಾ? ದಿನಾಂಕ ಎರಡು ಮೂರು ದಿನ ಆಚೀಚೆ ಮಾಡುವ ಅವಕಾಶ ಇದ್ದರೆ ಅದರ ಹತ್ತಿರಕ್ಕೆ ತನ್ನಿ. ಇದು 2013ರಿಂದ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್. ವೇಗಸ್ ದಿಕ್ಕಿನಲ್ಲಿ ಸ್ವಲ್ಪ ಮಸುಕು ಬೆಳಕು ಕಾಣುತ್ತದೆ, ಉಳಿದ ಆಕಾಶ ಪೂರ್ತಿ ನಿಮ್ಮದು. ರ‍್ಯಾಂಚ್‌ನಿಂದ ಐದು ನಿಮಿಷ ಕಾರಿನಲ್ಲಿ ಹೋಗಿ ಹಾರ್ಮನಿ ಬೊರಾಕ್ಸ್ ಪಾರ್ಕಿಂಗ್‌ನಲ್ಲಿ ದೀಪ ಆರಿಸಿ ನಿಂತರೆ ಸಾಕು. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಕೊಡಿ, ಆ ಹೊತ್ತಿನಲ್ಲಿ ಫೋನ್ ತೆಗೆಯಬೇಡಿ. ಮಗಳಿಗೆ ಕಿವಿ ಮುಚ್ಚುವ ಟೋಪಿ ಹಾಕಿ.

ದಾರಿಬುತ್ತಿ

ಬುಕ್ ಆಯಿತು! ಎರಡನೇ ರೂಮು ಇವತ್ತು ಬೆಳಗ್ಗೆ ಸಿಕ್ಕಿತು. ಎರಡೂ ನೆಲಮಹಡಿಗೆ ಕೇಳಿದ್ದೇನೆ, ಬರೆದುಕೊಂಡಿದ್ದಾರೆ. ರ‍್ಯಾಂಚ್‌ನಲ್ಲಿ ಎರಡು ರಾತ್ರಿ.

ವಿಮಾನ ಇಳಿಯುವ ಸಂಜೆ ಕತ್ತಲಲ್ಲಿ ಪಾರ್ಕ್‌ವರೆಗೆ ಓಡಿಸುವುದು ಬೇಡ ಅಂತ ಮೊದಲ ರಾತ್ರಿ ಪಹ್ರಂಪ್‌ನಲ್ಲಿ. ವೇಗಸ್‌ನಿಂದ ಅಲ್ಲಿಗೆ ಒಂದೇ ಗಂಟೆ, ಸಾಮಾನೂ ಅಲ್ಲೇ ಕೊಳ್ಳಬಹುದು, ರೂಮೂ ಅಗ್ಗ. ಬೆಟ್ಟದಾಚೆ ಅವರೇ, ವಾಪಸ್ ಹೋಗುವ ದಿನ ಬೀಟಿ ಮೇಲೆ ಹೋಗಿ ರಯೊಲೈಟ್ ನೋಡಿಕೊಂಡೇ ವೇಗಸ್ ಸೇರುತ್ತೇವೆ.

ಎರಡನೇ ದಿನ ಬೆಳಗ್ಗೆ ಪಹ್ರಂಪ್ ಬಿಟ್ಟು ಸೀದಾ ರ‍್ಯಾಂಚ್‌ಗೆ ಹೋಗಿ ಕಾಯುವುದಾ?

ಚುಕ್ಕಿನೋಟ

ಬೇಡ. ರೂಮು ಸಂಜೆಗೆ ತಾನೇ ಸಿಗುವುದು. ಡೆತ್ ವ್ಯಾಲಿ ಜಂಕ್ಷನ್ ದಾಟಿ ಹೆದ್ದಾರಿ 190ರಲ್ಲಿ ಬರುವಾಗ, ಫರ್ನೇಸ್ ಕ್ರೀಕ್‌ಗೆ ಇನ್ನೂ ಹತ್ತು ಹನ್ನೊಂದು ಮೈಲಿ ಇರುವಾಗಲೇ ಎಡಕ್ಕೆ ಡಾಂಟೆಸ್ ವ್ಯೂ ರಸ್ತೆ ಸಿಗುತ್ತದೆ. ಅಲ್ಲೇ ತಿರುಗಿ. ಆ ಜಾಗ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿದ್ದು ಎದುರಿನ ಬೆಟ್ಟಸಾಲು, ಕೆಳಗಿನ ಉಪ್ಪಿನ ಬಯಲು ಸ್ಪಷ್ಟವಾಗಿ ಕಾಣುತ್ತದೆ. ಐದೂವರೆ ಸಾವಿರ ಅಡಿ ಮೇಲಿಂದ ನೀವು ನೋಡುವುದು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್ ಅನ್ನು. ಕಾರು ಪೂರ್ತಿ ಮೇಲಕ್ಕೆ ಹೋಗುತ್ತದೆ, ಅಮ್ಮ ನಡೆಯಬೇಕಾದ್ದು ಹತ್ತಾರು ಹೆಜ್ಜೆ. ಆದರೆ ಮೇಲೆ ಕೊರೆಯುವ ಗಾಳಿ ಇರುತ್ತದೆ, ಜಾಕೆಟ್‌ಗಳನ್ನು ಸೂಟ್‌ಕೇಸ್ ಒಳಗೆ ಹಾಕದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.